ಕೆಮ್ಮಿ ಒಳಗೆ ಬರುತ್ತಿದ್ದವರು

ನಮ್ಮ ಆಫೀಸಿನಲ್ಲಿ ಅವರ ನಿಜವಾದ ಹೆಸರು ಸಂಬಳ ಬಟವಾಡೆ ಮಾಡುವವರಿಗೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಎದುರಿಗೆ ಎಲ್ಲರೂ ‘ಅಣ್ಣಾ’ ಎನ್ನುತ್ತಿದ್ದೆವು, ಬೆನ್ನ ಹಿಂದೆ ‘ಕೆಮ್ಮಣ್ಣ’. ಬೆನ್ನ ಹಿಂದಿನ ಹೆಸರು ಅವರಿಗೂ ಗೊತ್ತಿತ್ತು. ಒಂದು ಸಲ ಫೋನಿನಲ್ಲಿ ಯಾರಿಗೋ, “ಕಂಪ್ಯೂಟರ್ ವಿಭಾಗದಿಂದ ಕೆಮ್ಮಣ್ಣ ಮಾತಾಡ್ತಿರೋದು” ಎಂದು ತಾವೇ ಹೇಳಿಕೊಂಡದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಗ ನನಗೆ ಎರಡು ಕಿವಿಯೂ ಚೆನ್ನಾಗಿ ಕೇಳಿಸುತ್ತಿತ್ತು.

ನಮ್ಮದು ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳನ್ನು ರಿಪೇರಿ ಮಾಡಿಸುವ ಕಂಪನಿ. ಮನೆಯಲ್ಲಿ ಮೆಷಿನ್ ಕೆಟ್ಟವರು ಫೋನ್ ಮಾಡುತ್ತಾರೆ, ನಾವು ದೂರು ಕೇಳಿಕೊಂಡು ಮೆಕ್ಯಾನಿಕ್ಕನ್ನು ಕಳಿಸುತ್ತೇವೆ. ಉದ್ದನೆಯ ಹಾಲು, ಸಾಲಾಗಿ ಮೇಜುಗಳು, ಮೇಜಿಗೊಂದು ಕಂಪ್ಯೂಟರು, ತಲೆಗೊಂದು ಹೆಡ್‌ಫೋನು. ಫೋನ್ ಎತ್ತಿದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ, “ಎಷ್ಟು ದಿನದಿಂದ ಹೀಗಾಗಿದೆ?” ಈ ಪ್ರಶ್ನೆ ನನ್ನ ಬಾಯಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಮನೆಯಲ್ಲಿ ಅಮ್ಮ ಮಂಡಿನೋವು ಎಂದರೂ ಅದೇ ಮಾತು ಹೊರಗೆ ಬರುತ್ತಿತ್ತು. “ನಾನೇನು ಫ್ರಿಜ್ಜಾ?” ಎಂದು ಅಮ್ಮ ಸಿಡುಕುತ್ತಿದ್ದಳು.

ಹಾಲಿನ ತುದಿಯಲ್ಲಿ ಪ್ಲೈವುಡ್ ಗೋಡೆ ಹಾಕಿ ಮಾಡಿದ ಕೋಣೆಯೇ ಕೆಮ್ಮಣ್ಣನ ಅರಮನೆ. ನನ್ನ ಮೇಜು ಅದಕ್ಕೆ ಅಂಟಿಕೊಂಡ ಹಾಗಿತ್ತು. ಅವರ ಬಾಗಿಲು ನನ್ನ ಎಡಗಡೆಗೆ. ಒಳಗೆ ದೊಡ್ಡ ಮೆಷಿನ್ನುಗಳು ಬಿಸಿಯಾಗದಂತೆ ಏಸಿ ಸದಾ ಓಡುತ್ತಿದ್ದರಿಂದ, ಬೇಸಿಗೆಯಲ್ಲೂ ಅವರು ಮೊಣಕೈ ಹರಿದ ಕಂದು ಸ್ವೆಟರು ಹಾಕಿಕೊಂಡು ಓಡಾಡುತ್ತಿದ್ದರು. ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್. ಕೆಟ್ಟ ಕಂಪ್ಯೂಟರಿನ ಮುಂದೆ ಕೂತರೆ ಹಟ ಹಿಡಿದ ಮಗುವನ್ನು ರಮಿಸಿದ ಹಾಗೆ, “ಯಾಕಮ್ಮಾ, ಏನಾಯ್ತು? ಬೆಳಿಗ್ಗೆಯಿಂದ ಯಾಕೆ ಮುನಿಸು?” ಎಂದು ಶುರು ಮಾಡುತ್ತಿದ್ದರು. ಅರ್ಧ ಕಂಪ್ಯೂಟರುಗಳು ಆ ಮಾತಿಗೇ ಸರಿಹೋಗುತ್ತಿದ್ದವು ಎಂದು ನನ್ನ ಗುಮಾನಿ.

ಇನ್ನು ಆ ಕೆಮ್ಮು. ಅದು ಕಫದ ಕೆಮ್ಮಲ್ಲ. ಸಣ್ಣದು, ಒಣದು, ಮರ್ಯಾದಸ್ಥ ಕೆಮ್ಮು. ಯಾರದೇ ಮೇಜಿನ ಹತ್ತಿರ ಬರುವಾಗಲೂ ನಾಲ್ಕು ಹೆಜ್ಜೆ ದೂರದಲ್ಲೇ ನಿಂತು ಒಮ್ಮೆ ಕೆಮ್ಮುವರು, ಸ್ವಲ್ಪ ಕಾಯುವರು, ಆಮೇಲೆ ಮುಂದೆ ಬರುವರು. ತಮ್ಮ ಕೋಣೆಯಲ್ಲೇ ಕೂತು ನಮ್ಮ ಕಂಪ್ಯೂಟರನ್ನು ಸರಿಮಾಡುವ ಅನುಕೂಲ ಅವರಿಗಿತ್ತು; ಆಗಲೂ ಮೊದಲು ಪ್ಲೈವುಡ್ಡಿನ ಆಚೆಯಿಂದ ಕೆಮ್ಮು, ಆಮೇಲೆ ಫೋನಿನಲ್ಲಿ “ಬರಲಾ?”, ಅದೂ ಆದ ಮೇಲೆ ನಮ್ಮ ಸ್ಕ್ರೀನಿನ ಬಾಣ ತಾನಾಗಿಯೇ ಒಂದು ನಿಧಾನದ ಸುತ್ತು ಹಾಕುವುದು. ‘ಬಂದೆ’ ಎಂದು ಅದರ ಅರ್ಥ. ಪಾಸ್‌ವರ್ಡ್ ಹಾಕಬೇಕಾಗಿ ಬಂದರಂತೂ, “ನೀವು ಹಾಕ್ಕೊಳ್ಳಿ, ನಾನು ಫ್ಯಾನ್ ನೋಡ್ತಿರ್ತೀನಿ” ಎಂದು ಕತ್ತೆತ್ತಿ ನಿಲ್ಲುವರು. ನಮ್ಮಲ್ಲಿ ಕೆಲವರು ಸೋಮಾರಿತನದಿಂದ ಪಾಸ್‌ವರ್ಡನ್ನು ಜೋರಾಗಿ ಕೂಗಿಯೇ ಹೇಳುತ್ತಿದ್ದರು. ಆಗ ಎರಡೂ ಕಿವಿ ಮುಚ್ಚಿಕೊಂಡು, “ಅಯ್ಯೋ, ಹೇಳಬೇಡ್ರಪ್ಪಾ, ದಮ್ಮಯ್ಯ!” ಎಂದು ಗೋಗರೆಯುತ್ತಿದ್ದರು.

ಈ ಕೆಮ್ಮಿನ ಮೂಲ ನನಗೆ ಗೊತ್ತಾದದ್ದು ಅವರ ಹೆಂಡತಿಯಿಂದ. ಅಮ್ಮನ ಫೋನ್ ಕೆಟ್ಟು, ಅದನ್ನು ತೋರಿಸಲು ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಎರಡು ಕೋಣೆಯ ಮನೆ. ಹಳೆಯ ಮಾನಿಟರಿನ ಮೇಲೆ ಹೂವಿನ ಕುಂಡ. ಅತ್ತಿಗೆ (ಅಣ್ಣನ ಹೆಂಡತಿ ಅತ್ತಿಗೆಯೇ ತಾನೆ) ಕಾಫಿ ಕೊಡುತ್ತಾ ಗಂಡನ ಚಾಡಿ ಹೇಳಿದರು.

“ನೀರು ಕುಡಿಯೋಕೆ ಅಡುಗೆಮನೆಗೆ ಬಂದ್ರೂ ಕೆಮ್ತಾರಮ್ಮ. ಎಷ್ಟೋ ಸಲ ಬೆಚ್ಚಿಬಿದ್ದು ಹಾಲು ಚೆಲ್ಲಿದೀನಿ. ಮಗಳು ಕಾಲೇಜಲ್ಲಿದ್ದಾಗ ಯಾವಾಗ್ಲೂ ಫೋನಲ್ಲೇ ಮುಳುಗಿರ್ತಿದ್ಲು. ಅವಳು ಮಲಗಿದಾಗ ಒಂದ್ಸಲ ಅದರಲ್ಲಿ ಏನಿದೆ ನೋಡ್ರೀ, ನಿಮಗೆ ಗೊತ್ತಾಗುತ್ತಲ್ಲ ಅಂದೆ. ಈ ಮಹರಾಯ ಏನು ಮಾಡಿದ್ರು ಗೊತ್ತಾ? ಅವಳ ಬಾಗಿಲಲ್ಲಿ ನಿಂತು ಕೆಮ್ಮಿ, ‘ನಿಮ್ಮಮ್ಮ ನಿನ್ನ ಫೋನ್ ಕದ್ದು ನೋಡು ಅಂದ್ಲು, ನೋಡಲಾ?’ ಅಂತ ಅವಳನ್ನೇ ಕೇಳಿದ್ರು! ಎರಡು ದಿನ ಮಗಳು ನನ್ನ ಹತ್ರ ಮಾತಾಡಲಿಲ್ಲ.”

ಅಣ್ಣ ನಗುತ್ತಾ ಅಮ್ಮನ ಫೋನಿನ ಹಿಂಬದಿ ಬಿಚ್ಚುತ್ತಿದ್ದರು. ಆಮೇಲೆ ಅತ್ತಿಗೆಯೇ ಮೂಲ ಹೇಳಿದರು. ಚಿಕ್ಕಂದಿನಲ್ಲಿ ಅವರದು ಒಂದೇ ಕೋಣೆಯ ಮನೆ. ಹಿರಿಯಣ್ಣನಿಗೆ ಮದುವೆಯಾದಾಗ ಕೋಣೆಯ ಮಧ್ಯೆ ಒಂದು ಪರದೆ ಕಟ್ಟಿದರಂತೆ. ಈ ಹುಡುಗ ಚೆಂಡು ಹುಡುಕಿಕೊಂಡೋ ಪುಸ್ತಕ ಹುಡುಕಿಕೊಂಡೋ ಪರದೆ ಎಳೆದು ನುಗ್ಗುತ್ತಿದ್ದ. ಒಂದು ದಿನ ಹಾಗೆ ನುಗ್ಗಿದಾಗ, ಹೊಸದಾಗಿ ಬಂದಿದ್ದ ಆ ಹಿರಿಯಣ್ಣನ ಹೆಂಡತಿ ತವರು ನೆನೆದು ಮೂಲೆಯಲ್ಲಿ ಕೂತು ಅಳುತ್ತಿದ್ದಳು. ತಾಯಿ ಇವನನ್ನು ಹೊರಗೆಳೆದು, ಬೈಯದೆ, ಕೂರಿಸಿಕೊಂಡು ಹೇಳಿದಳಂತೆ: “ಇನ್ನು ಮೇಲೆ ಕೆಮ್ಮಿ ಹೋಗಪ್ಪಾ. ಒಳಗಿರೋರಿಗೆ ಕಣ್ಣೊರೆಸಿಕೊಳ್ಳೋಕಾದ್ರೂ ಹೊತ್ತು ಕೊಡಬೇಕು.” ಅವತ್ತು ಶುರುವಾದ ಕೆಮ್ಮು ಆಮೇಲೆ ನಿಲ್ಲಲೇ ಇಲ್ಲ.

ಹೀಗಿರುವಾಗ ನಮಗೆ ಹೊಸ ಮ್ಯಾನೇಜರ್ ಬಂದರು. ಬಟ್ಟೆಯಲ್ಲಿ ಒಂದು ಸುಕ್ಕು ಕಂಡರೆ ಅವರಿಗೆ ನಿದ್ದೆ ಬರುವುದಿಲ್ಲವೇನೋ ಎಂಬಂತೆ ಇರುತ್ತಿದ್ದುದರಿಂದ ಮೊದಲ ವಾರದಲ್ಲೇ ‘ಇಸ್ತ್ರಿ ಸಾಹೇಬರು’ ಎಂದು ಹೆಸರಿಟ್ಟೆವು. ಕೆಟ್ಟವರಲ್ಲ. ಆದರೆ ರಬ್ಬರ್ ಅಡಿಯ ಶೂ ಹಾಕಿಕೊಂಡು ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುವ ಚಾಳಿ ಇತ್ತು. ಪಕ್ಕದ ಮೇಜಿನವಳು ಒಂದು ಸಲ ಹಾಗೆ ಬೆಚ್ಚಿ, ಗಿರಾಕಿಗೆ ಹೇಳಬೇಕಾದ “ನಮಸ್ಕಾರ”ವನ್ನು ಸಾಹೇಬರ ಮುಖಕ್ಕೇ ಚೀರಿದ್ದಳು.

ಅವರು ಬಂದದ್ದಕ್ಕೂ ಒಂದು ಕಾರಣವಿತ್ತು. ನಮ್ಮ ಗಿರಾಕಿಗಳ ವಿಳಾಸ ಎಲ್ಲಿಂದಲೋ ಸೋರುತ್ತಿತ್ತು. ಬೆಳಿಗ್ಗೆ ನಮಗೆ ಫೋನ್ ಮಾಡಿದವರ ಮನೆಗೆ, ನಮ್ಮ ಮೆಕ್ಯಾನಿಕ್ ಹೋಗುವ ಮುಂಚೆಯೇ ಹೊರಗಿನವನೊಬ್ಬ ಹೋಗಿ, “ಕಂಪನಿಯಿಂದ ಬಂದೆ” ಎಂದು ಮೆಷಿನ್ ಬಿಚ್ಚಿ ಹಾಳುಮಾಡುತ್ತಿದ್ದ. ಜನ ನಮಗೆ ಉಗಿಯುತ್ತಿದ್ದರು. ನಮ್ಮೊಳಗೇ ಯಾರೋ ವಿಳಾಸ ಕೊಡುತ್ತಿದ್ದಾರೆ ಎಂದು ಹೆಡ್ ಆಫೀಸಿನವರಿಗೆ ಅನುಮಾನ. ಮೊದಲು ನಮ್ಮ ಸ್ವಂತ ಫೋನುಗಳನ್ನೆಲ್ಲ ಬಾಗಿಲ ಹತ್ತಿರದ ಪೆಟ್ಟಿಗೆಯಲ್ಲಿ ಇಟ್ಟು ಬರಬೇಕು ಎಂದಾಯಿತು. ಆಮೇಲೆ, ನಮಗೆ ಗೊತ್ತಿಲ್ಲದಂತೆ, ಪ್ರತಿಯೊಬ್ಬರ ಕಂಪ್ಯೂಟರಿಗೂ ಒಂದು ಕಣ್ಣು ಬಂದು ಕೂತಿತು.

ಆ ದಿನ ಸಾಹೇಬರಿಗೂ ಅಣ್ಣನಿಗೂ ಆದ ಮಾತನ್ನು ಬಹಳ ಕಾಲದ ಮೇಲೆ ಸಾಹೇಬರೇ ನಮಗೆ ಹೇಳಿದರು. ಹೊಸ ಸಾಫ್ಟ್‌ವೇರು ಆಗಾಗ ಪ್ರತಿಯೊಬ್ಬರ ಸ್ಕ್ರೀನಿನ ಚಿತ್ರ ತೆಗೆದಿಡುತ್ತದೆ. ಬೇಕೆಂದಾಗ ಯಾರು ಏನು ಮಾಡುತ್ತಿದ್ದಾರೆಂದು ಅಣ್ಣ ನೇರವಾಗಿಯೂ ನೋಡಬಹುದು.

“ಹಾಕ್ತೀನಿ ಸಾರ್. ಆದ್ರೆ ಹಾಕಿದೀವಿ ಅಂತ ಹೇಳಿಬಿಡೋಣ.”

“ಹೇಳಿದ್ರೆ ಕಳ್ಳ ಹುಷಾರಾಗ್ತಾನಲ್ರೀ.”

“ಕಳ್ಳ ಒಬ್ಬ ಇರಬಹುದು ಸಾರ್. ಮಿಕ್ಕವರು ಮನೆಮಂದಿ ಇದ್ದ ಹಾಗೆ.”

“ಇದು ಆಫೀಸು, ಮನೆ ಅಲ್ಲ. ಬಾಯಿ ಬಿಡಬೇಡಿ.”

ಅಣ್ಣ ಬಾಯಿ ಬಿಡಲಿಲ್ಲ. ಆದರೆ ಗಂಟಲು ಅವರ ಮಾತು ಕೇಳಬೇಕಲ್ಲ! ಕೋಣೆಯೊಳಗೆ ಒಬ್ಬೊಬ್ಬರ ಸ್ಕ್ರೀನ್ ತೆರೆಯುವಾಗಲೂ, ಎಷ್ಟೋ ವರ್ಷಗಳ ಅಭ್ಯಾಸ, ಕೆಮ್ಮು ತಾನಾಗಿ ಹೊರಗೆ ಬರುತ್ತಿತ್ತು. ಪ್ಲೈವುಡ್ ಗೋಡೆ ಅದನ್ನು ತಡೆಯುವಷ್ಟು ದಪ್ಪವಿರಲಿಲ್ಲ. ಮುಂಚೆ ಕೆಮ್ಮಿನ ಹಿಂದೆಯೇ ಯಾರಿಗಾದರೂ “ಬರಲಾ?” ಎಂಬ ಫೋನ್ ಬರುತ್ತಿತ್ತು. ಈಗ ಕೆಮ್ಮು ಮಾತ್ರ ಬರುತ್ತಿತ್ತು, ಫೋನು ಯಾರಿಗೂ ಬರುತ್ತಿರಲಿಲ್ಲ.

ಇದನ್ನು ಪತ್ತೆ ಮಾಡಿದವನು ಪಂಚಾಯ್ತಿ. ಅವನು ಬಿಡಿಭಾಗಗಳ ವಿಭಾಗದವನು; ಊರ ಉಸಾಬರಿಯೆಲ್ಲ ಅವನಿಗೇ ಬೇಕಾದ್ದರಿಂದ ಆ ಹೆಸರು. ಒಂದು ಬೆಳಿಗ್ಗೆ ನೀರು ಕುಡಿಯುವಲ್ಲಿ ಎಲ್ಲರನ್ನೂ ಗುಂಪು ಸೇರಿಸಿ ಪಿಸುಗುಟ್ಟಿದ. “ಬಾಗಿಲ ಸಂದಿಯಿಂದ ನೋಡಿದೆ. ಅವರ ಸ್ಕ್ರೀನಲ್ಲಿ ನನ್ನ ಸ್ಕ್ರೀನ್! ನಾನು ಇಸ್ಪೀಟು ಆಡ್ತಿದ್ದದ್ದು ಹಾಗೇ ಕಾಣ್ತಿದೆ! ಕೆಮ್ಮು ಬಂತು ಅಂದ್ರೆ ಯಾರನ್ನೋ ನೋಡ್ತಿದಾರೆ ಅಂತ ಲೆಕ್ಕ.”

ಅಲ್ಲಿಂದ ಹಾಲಿನ ಸ್ವರೂಪವೇ ಬದಲಾಯಿತು. ಕೆಮ್ಮು ಕೇಳಿಸಿದ ಕೂಡಲೇ ಇಸ್ಪೀಟು ಮಾಯ, ಸೀರೆಯಂಗಡಿ ಮಾಯ, ಎಲ್ಲರ ಬೆನ್ನೂ ನೆಟ್ಟಗೆ. ಕೆಮ್ಮು ನಿಂತರೆ ಮತ್ತೆ ಅವರವರ ಲೋಕ. ಹೀಗಿದ್ದಾಗ ಅಣ್ಣನಿಗೆ ನಿಜವಾಗಿ ನೆಗಡಿಯಾಯಿತು ನೋಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮನೆ ಕೆಮ್ಮು! ಆ ದಿನ ನಮ್ಮ ಹಾಲಿನಲ್ಲಿ ಆದಷ್ಟು ಕೆಲಸ ಕಂಪನಿ ಹುಟ್ಟಿದಾಗಿನಿಂದ ಆಗಿರಲಾರದು. ಯಾರೂ ತಲೆಯೆತ್ತಲಿಲ್ಲ, ಚಹಾ ತಣ್ಣಗಾಯಿತು, ಪಂಚಾಯ್ತಿ ಬಾತ್‌ರೂಮಿಗೆ ಹೋಗುವುದನ್ನೂ ಮುಂದೂಡಿ ತೊಡೆ ಅಲುಗಿಸುತ್ತಾ ಕೂತಿದ್ದ. ಸಾಫ್ಟ್‌ವೇರು ಫಲ ಕೊಟ್ಟಿತೆಂದು ಸಾಹೇಬರು ಹೆಡ್ ಆಫೀಸಿಗೆ ಹೇಳಿ ಬೆನ್ನು ತಟ್ಟಿಸಿಕೊಂಡರು. ಪಾಪ, ಅಣ್ಣ ಒಳಗೆ ಮೂಗಿಗೆ ಮುಲಾಮು ಹಚ್ಚಿಕೊಂಡು, ಇದ್ಯಾವುದರ ಅರಿವೂ ಇಲ್ಲದೆ ಮಾತ್ರೆ ನುಂಗುತ್ತಿದ್ದರು.

ಆದರೆ ನಗು ಬಹಳ ದಿನ ಉಳಿಯಲಿಲ್ಲ. ನೋಡಿಸಿಕೊಳ್ಳುವುದು ಯಾರಿಗೆ ಇಷ್ಟ? ಪಂಚಾಯ್ತಿ ಅಣ್ಣನ ಜೊತೆ ತಿಂಡಿ ಹಂಚಿಕೊಳ್ಳುವುದನ್ನು ಬಿಟ್ಟ. ಅವರು ಊಟಕ್ಕೆ ಬಂದರೆ ಮೇಜಿನಲ್ಲಿ ಮಾತು ನಿಲ್ಲುತ್ತಿತ್ತು. ಸ್ವಲ್ಪ ದಿನ ನೋಡಿ, ಅವರು ಡಬ್ಬಿ ತೆಗೆದುಕೊಂಡು ತಮ್ಮ ಕೋಣೆಯಲ್ಲೇ ಬಾಗಿಲು ಹಾಕಿಕೊಂಡು ಉಣ್ಣತೊಡಗಿದರು. ನನಗೂ ಅವರ ಮೇಲೆ ಸಿಟ್ಟಿತ್ತು. ಹೇಳಿದವರು ಸಾಹೇಬರೇ ಇರಬಹುದು, ಕಣ್ಣು ಇವರದೇ ಅಲ್ಲವೇ?

ಈಗ ನನ್ನ ವಿಷಯ. ಇದೆಲ್ಲ ಆಗುವುದಕ್ಕೆ ವರ್ಷದ ಹಿಂದೆಯೇ ನನಗೆ ಅಮ್ಮ ದಿನೇ ದಿನೇ ಮೆತ್ತಗೆ ಮಾತಾಡುತ್ತಿದ್ದಾಳೆ ಅನ್ನಿಸತೊಡಗಿತು. ವಯಸ್ಸಾಯಿತು, ದನಿ ಕುಗ್ಗಿತು ಎಂದುಕೊಂಡೆ. ಅಮ್ಮನ ದನಿ ಕುಗ್ಗುವಂಥದ್ದಲ್ಲ ಎಂದು ಆಗಲೇ ಹೊಳೆಯಬೇಕಿತ್ತು. ಕುಗ್ಗಿದ್ದು ನನ್ನ ಎಡಗಿವಿ. ಹೆಡ್‌ಫೋನನ್ನು ಬಲಗಿವಿಗೆ ಬದಲಾಯಿಸಿ ಕೆಲಸ ಸಾಗಿಸಿದೆ. ಆಮೇಲೆ ಬಲಗಿವಿಯಲ್ಲೂ ಆಗಾಗ ಗಿರಾಕಿಯ ಮಾತಿನ ಬಾಲ ತಪ್ಪಿಹೋಗತೊಡಗಿತು. “ಇನ್ನೊಮ್ಮೆ ಹೇಳಿ” ಎಂದರೆ ಬೈಯುತ್ತಾರೆ. ಫೋನಿನಲ್ಲಿ ಕೇಳಿಸಿಕೊಳ್ಳುವುದೇ ಕೆಲಸವಾದವಳಿಗೆ ಕಿವಿ ಹೋದರೆ ಉಳಿಯುವುದೇನು? ನನ್ನ ಕೆಲಸ ಖಾಯಂ ಆಗಿರಲಿಲ್ಲ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಹಿಂದೆ ಗಂಟಲು ಕೂತುಹೋದ ಒಬ್ಬಾಕೆಯನ್ನು “ವಿಶ್ರಾಂತಿ ತಗೊಳ್ಳಿ” ಎಂದು ಮನೆಗೆ ಕಳಿಸಿದ ಕಂಪನಿ ಮತ್ತೆ ಕರೆದಿರಲಿಲ್ಲ.

ಆದ್ದರಿಂದ ಯಾರಿಗೂ ಹೇಳಲಿಲ್ಲ. ಮನೆಗೆ ಹೋದರೆ ಧಾರಾವಾಹಿ ನೋಡಲು ನನ್ನ ಫೋನು ಅಮ್ಮನ ಕೈಗೆ. ಅದರಲ್ಲಿ ಏನು ಹುಡುಕಿದರೂ ಅವಳಿಗೆ ಗೊತ್ತಾಗಿ ರಂಪವಾಗುತ್ತಿತ್ತು. ಊಟದ ಹೊತ್ತಿನಲ್ಲಿ ಎಲ್ಲರೂ ಎದ್ದುಹೋದಾಗ, ಆಫೀಸಿನ ಕಂಪ್ಯೂಟರಿನಲ್ಲೇ ಕಿವಿಯ ಬಗ್ಗೆ ಓದುತ್ತಿದ್ದೆ. ಯಾವ ಡಾಕ್ಟರು, ಯಾವ ಪರೀಕ್ಷೆ, ಕಿವಿಯಲ್ಲಿಡುವ ಯಂತ್ರ ಹೊರಗೆ ಕಾಣುತ್ತದೆಯೇ ಇಲ್ಲವೇ. ಕೆಮ್ಮು ಬಂದರೆ ಮುಚ್ಚಿದರಾಯಿತು ಎಂಬ ಧೈರ್ಯ. ಕಿವಿ ಕೇಳಿಸದವಳು ಕೆಮ್ಮನ್ನು ನಂಬಿಕೊಂಡು ಕೂತಿದ್ದಳು ನೋಡಿ! ಎಂಥ ಜಾಣೆ ನಾನು.

ಆ ದಿನವೂ ಹಾಗೆಯೇ ಓದುತ್ತಿದ್ದೆ. ಇದ್ದಕ್ಕಿದ್ದಂತೆ ಸ್ಕ್ರೀನಿನ ಬಾಣ ನನ್ನ ಕೈ ಮುಟ್ಟದೆಯೇ ಅಲುಗಿತು. ನಿಧಾನವಾಗಿ ಒಂದು ಸುತ್ತು ಹಾಕಿತು. ಆಮೇಲೆ ಅದೇ ಬಾಣ ಮೂಲೆಗೆ ಹೋಗಿ, ಕಿವಿಯ ಪುಟವನ್ನು ಮೆಲ್ಲಗೆ ಮುಚ್ಚಿತು. ತಿರುಗಿ ನೋಡಿದರೆ ಅಣ್ಣ ತಮ್ಮ ಬಾಗಿಲಲ್ಲಿ ನಿಂತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ. ಕತ್ತೆತ್ತಿ ಫ್ಯಾನ್ ನೋಡುತ್ತಿದ್ದರು.

ನಾನು ಎದ್ದು ಮೆಟ್ಟಿಲ ಹತ್ತಿರದ ನೀರಿನ ಫಿಲ್ಟರಿಗೆ ಹೋದೆ. ಅಲ್ಲಿ ಅವರು ನನ್ನ ಬಲಗಡೆಗೆ ಬಂದು ನಿಂತರು. ಬೇಕೆಂದೇ ಬಲಗಡೆಗೆ ಬಂದರೆಂದು ಆಮೇಲೆ ಹೊಳೆಯಿತು.

“ಮತ್ತೆ ಮತ್ತೆ ಕೆಮ್ಮಿದೆ ಕಣಮ್ಮಾ,” ಎಂದರು.

“ನನಗೆ ಕೇಳಿಸ್ಲಿಲ್ಲ ಅಣ್ಣ.”

“ಗೊತ್ತಾಯ್ತು. ಪುಟ ನೋಡಿ ಅಲ್ಲ. ನಾನು ಕೆಮ್ಮಿದ್ರೆ ಎಲ್ಲರೂ ಪುಟ ಮುಚ್ಚೋದು ಈಗೀಗ ನನಗೂ ಕಾಣ್ತಿದೆ. ಅಷ್ಟು ಕೆಮ್ಮಿದ್ರೂ ನೀನು ಮುಚ್ಚಲಿಲ್ವಲ್ಲ, ಆಗ ಗೊತ್ತಾಯ್ತು.”

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. “ಯಾಕೆ ನೋಡಿದ್ರಿ? ಊಟದ ಹೊತ್ತು ಅದು. ಅದು ನನ್ನ ಕಿವಿ, ಕಂಪನೀದಲ್ಲ.”

“ನೋಡಬಾರದಿತ್ತು. ಊಟದ ಹೊತ್ತಲ್ಲಿ ಯಾರ ಕಂಪ್ಯೂಟರ್ ಓಡ್ತಿದೆಯೋ ಅದನ್ನ ನೋಡು ಅಂದ್ರು, ಕೆಲಸ ಅಂತ ನೋಡಿದೆ.” ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿದರು. ಎಷ್ಟು ಒರೆಸಿದರೂ ಅವರಿಗೆ ಸಮಾಧಾನವಾಗಲಿಲ್ಲ. “ಇನ್ನೊಂದು ವಿಷಯ ಇದೆ. ಆ ಪುಟದ ಚಿತ್ರ ಆಗಲೇ ಹೋಗಿ ಕೂತಿದೆ. ಸೋಮವಾರದಿಂದ ಸಾಹೇಬ್ರು ತಾವೇ ಎಲ್ಲ ಚಿತ್ರಾನೂ ನೋಡ್ತಾರಂತೆ.”

“ಅಳಿಸಿಬಿಡಿ ಅಣ್ಣ, ನಿಮ್ಮ ಕೈಲಿದೆಯಲ್ಲ.”

“ಕೈಲಿದೆ. ಅದಕ್ಕೇ ಭಯ. ಇವತ್ತು ನಿನಗೋಸ್ಕರ ಕದ್ದು ಅಳಿಸಿದ್ರೆ, ನಾಳೆ ಇನ್ಯಾರಿಗೋಸ್ಕರ ಏನು ಅಳಿಸ್ತೀನೋ. ಕದ್ದು ನೋಡೋದು ತಪ್ಪು ಅಂತ ಹೇಳೋ ಬಾಯಿಗೆ ಆಮೇಲೆ ಬೆಲೆ ಇರಲ್ಲ.” ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು. “ಅವರು ನೋಡೋಕೆ ಮುಂಚೆ ನೀನೇ ಹೇಳಿಬಿಡು ತಾಯಿ. ನೀನು ಹೇಳಿದ್ರೆ ಅದು ನಿನ್ನ ಮಾತು. ಅವರಾಗಿ ನೋಡಿದ್ರೆ ನೀನು ಏನೋ ಮುಚ್ಚಿಟ್ಟೆ ಅಂತಾಗುತ್ತೆ.”

ನಾನು ಲೋಟ ಅಲ್ಲೇ ಇಟ್ಟು ಹೊರಟುಬಿಟ್ಟೆ. ಶನಿವಾರ ಭಾನುವಾರ ಅದೇ ಲೆಕ್ಕ ಹಾಕಿದೆ. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಅಮ್ಮ ಏನೋ ಕೇಳಿದಳು, ನನಗೆ ಕೇಳಿಸಲಿಲ್ಲ. ಅವಳು ಮುಖ ಊದಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಅಣ್ಣ ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಸಾಹೇಬರ ಗಾಜಿನ ಕೋಣೆಗೆ ಹೋದರು. ಬಾಗಿಲಲ್ಲಿ ಭುಜ ಅಲುಗಿತು, ಕೆಮ್ಮಿರಬೇಕು. ಗಾಜಿನಾಚೆ ಸಾಹೇಬರ ಬಾಯಿ ಬಡಬಡ ಆಡುತ್ತಿತ್ತು, ಅಣ್ಣನ ಬಾಯಿ ಆಗಾಗ. ಒಳಗೆ ನಡೆದದ್ದು ಇಷ್ಟಂತೆ. “ಇಗೋ ಸಾರ್, ಪಾಸ್‌ವರ್ಡ್ ತಗೊಳ್ಳಿ. ಹೇಳದೆ ನೋಡೋ ಕೆಲಸ ಇನ್ನು ನನ್ನಿಂದಾಗಲ್ಲ” ಎಂದು ಅಣ್ಣ ಹೇಳಿದ್ದಾರೆ. “ಆಗದಿದ್ರೆ ಬೇರೆಯವರನ್ನ ಕರೆಸ್ತೀನಿ, ನಿಮಗೆ ರಿಟೈರ್ ಆಗೋಕೆ ಇನ್ನೂ ಟೈಮಿದೆ, ಯೋಚನೆ ಮಾಡಿ” ಎಂದು ಸಾಹೇಬರು ಗದರಿ, ಲ್ಯಾಪ್‌ಟಾಪ್ ಎಳೆದುಕೊಂಡು ಚಿತ್ರಗಳನ್ನು ತೆರೆಯಲು ಕೈ ಇಟ್ಟಿದ್ದಾರೆ. ಆಗ ಅಣ್ಣ, “ಒಂದು ಮಾತು ಸಾರ್. ಎಲ್ಲ ಕಂಪ್ಯೂಟರಿಗೂ ಹಾಕಿ ಅಂದ್ರಲ್ಲ, ಎಲ್ಲಕ್ಕೂ ಹಾಕಿದೀನಿ. ನಿಮ್ಮದರ ಚಿತ್ರಗಳೂ ಅದರಲ್ಲಿವೆ. ಹೆಡ್ ಆಫೀಸ್‌ನೋರಿಗೂ ಕಾಣುತ್ತೆ. ನಾನು ತೆರೆದು ನೋಡಿಲ್ಲ, ಇದೆ ಅಂತಷ್ಟೇ ಗೊತ್ತು” ಎಂದಿದ್ದಾರೆ.

ಹೆದರಿಸಲು ಹೇಳಿದ ಮಾತಲ್ಲ ಅದು. ಅಣ್ಣನಿಗೆ ಹೆದರಿಸುವುದು ಗೊತ್ತಿದ್ದರೆ ನಾವೆಲ್ಲ ಯಾವತ್ತೋ ನೆಟ್ಟಗಾಗಿರುತ್ತಿದ್ದೆವು. ಆದರೆ ಸಾಹೇಬರ ಕೈ ಇದ್ದಲ್ಲೇ ನಿಂತಿತು. ತಾನು ಈ ತಿಂಗಳೆಲ್ಲ ಬಾಗಿಲು ಹಾಕಿಕೊಂಡು ಏನೇನು ತೆರೆದಿದ್ದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದರೋ ಏನೋ, ಇಸ್ತ್ರಿ ಮಾಡಿದ ಅಂಗಿಯೊಳಗೆ ಮನುಷ್ಯ ಸುಕ್ಕಾದದ್ದು ಗಾಜಿನಾಚೆಯಿಂದ ನನಗೇ ಕಂಡಿತು. ಅವರ ಆ ಚಿತ್ರಗಳಲ್ಲಿ ಏನಿತ್ತೋ ನಮಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ನನಗೆ ಒಳಗಿನ ಮಾತು ಕೇಳಿಸಿರಲಿಲ್ಲ. ಕಂಡದ್ದು ಒಂದೇ: ಆ ವಯಸ್ಸಿನ ಮನುಷ್ಯ ಕೈಕಟ್ಟಿ ನಿಂತು ಬೈಗುಳ ತಿನ್ನುತ್ತಿದ್ದಾರೆ, ನಾನು ಕೂತು ನೋಡುತ್ತಿದ್ದೇನೆ. ಹೆಡ್‌ಫೋನ್ ತೆಗೆದಿಟ್ಟು ಎದ್ದೆ. ಗಾಜಿನ ಬಾಗಿಲಲ್ಲಿ ನಿಂತಾಗ ಏನು ಮಾಡಬೇಕೆಂದು ತಿಳಿಯದೆ ಕೆಮ್ಮಿಬಿಟ್ಟೆ. ಇಬ್ಬರೂ ತಿರುಗಿದರು.

“ಸಾರ್, ನನಗೆ ಎಡಗಿವಿ ಕೇಳಿಸ್ತಿಲ್ಲ. ಬಲಗಿವೀನೂ ಅಷ್ಟಕ್ಕಷ್ಟೆ. ನಿಮ್ಮ ಚಿತ್ರದಲ್ಲಿ ನೋಡೋಕೆ ಮುಂಚೆ ನಾನೇ ಹೇಳೋಣ ಅಂತ ಬಂದೆ.”

ಸಾಹೇಬರು ಏನೋ ಅಂದರು. ಕೇಳಿಸಲಿಲ್ಲ. “ಇನ್ನೊಮ್ಮೆ ಹೇಳಿ ಸಾರ್” ಎಂದೆ. ಅವರು ಎದ್ದು, ಮೇಜು ಬಳಸಿ ಬಂದು, ನನ್ನ ಎದುರಿಗೆ ನಿಂತು, ಜೋರಾಗಿ ಕೇಳಿದರು:

“ಎಷ್ಟು ದಿನದಿಂದ ಹೀಗಾಗಿದೆ?”

ನನಗೆ ಅಳು ಬರುತ್ತಿದ್ದದ್ದು ನಿಜ, ಆದರೆ ಬಂದದ್ದು ನಗು. ಅಣ್ಣನೂ ನಕ್ಕರು. ಸಾಹೇಬರಿಗೆ ತಾವೇನು ಕೇಳಿದೆವೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ಅವರ ಮುಖವೂ ಸಡಿಲವಾಯಿತು. “ಕೂತ್ಕೊಳ್ಳಿ,” ಎಂದು ಕುರ್ಚಿ ಎಳೆದರು. ಆಮೇಲೆ ಅಣ್ಣನ ಕಡೆ ತಿರುಗಿ, “ಈ ಚಿತ್ರಗಳನ್ನೆಲ್ಲ ಏನ್ ಮಾಡೋದ್ರೀ?” ಎಂದರು.

“ನೀವು ಅಳಿಸು ಅಂದ್ರೆ ಅಳಿಸ್ತೀನಿ ಸಾರ್.”

“ಅಳಿಸಿ. ಹೆಡ್ ಆಫೀಸಿಗೆ ನಾನು ಹೇಳ್ತೀನಿ.”

“ನಿಮ್ಮದೂ?”

“ಮೊದಲು ಅದನ್ನೇ ಅಳಿಸಿ!”

ನನ್ನ ಕೆಲಸದ ಬಗ್ಗೆ ಅವತ್ತೇ ಏನೂ ಹೇಳಲಿಲ್ಲ. “ನೋಡೋಣ” ಎಂದಷ್ಟೇ ಅಂದರು. ಆ ‘ನೋಡೋಣ’ ಹಿಡಿದುಕೊಂಡು ನಾನು ಜೀವ ಕೈಯಲ್ಲಿಟ್ಟುಕೊಂಡು ಓಡಾಡಿದೆ. ಕಿವಿಯ ಪರೀಕ್ಷೆಗೆ ಅಮ್ಮನಿಗೆ ಹೇಳಿಯೇ ಹೋದೆ. ಅಮ್ಮ ರಂಪ ಮಾಡಲಿಲ್ಲ. “ಅದಕ್ಕೇನೇ ಹುಡುಗಿ, ನಾನು ಕರೆದಾಗೆಲ್ಲ ಸುಮ್ನಿರ್ತಿದ್ದೆ? ಕೊಬ್ಬು ಅಂದ್ಕೊಂಡಿದ್ದೆ” ಎಂದು ನನ್ನ ತಲೆ ನೇವರಿಸಿದಳು.

ಅಷ್ಟರಲ್ಲಿ ವಿಳಾಸ ಸೋರುವ ತೂತೂ ಸಿಕ್ಕಿತು. ಸ್ಕ್ರೀನ್ ನೋಡುವ ಕೆಲಸ ತಪ್ಪಿದ ಸಾಹೇಬರು ಒಂದು ಬೆಳಿಗ್ಗೆ ಎದುರಿನ ಚಹಾ ಅಂಗಡಿಗೆ ಹೋಗಿ ನಿಂತಿದ್ದಾರೆ. ನಮ್ಮ ಮೆಕ್ಯಾನಿಕ್ಕುಗಳು ದಿನಾ ಅಲ್ಲೇ ಸೇರಿ, ಫೋನಿಗೆ ಬಂದ ಆ ದಿನದ ವಿಳಾಸಗಳನ್ನು ಒಬ್ಬರಿಗೊಬ್ಬರು ಊರಿಗೆಲ್ಲ ಕೇಳುವಂತೆ ಕೂಗುತ್ತಾರೆ. ಅದೇ ಬೆಂಚಿನ ತುದಿಯಲ್ಲಿ ಆ ಹೊರಗಿನ ಮೆಕ್ಯಾನಿಕ್ಕು ಚಹಾ ಹೀರುತ್ತಾ ಕೂತಿದ್ದನಂತೆ. ಯಾರ ಕಂಪ್ಯೂಟರಿನಲ್ಲೂ ಕಳ್ಳನಿರಲಿಲ್ಲ.

ಮರುದಿನ ಸಾಹೇಬರು ಹಾಲಿನ ನಡುವೆ ನಿಂತು ಎಲ್ಲವನ್ನೂ ಬಾಯಿಬಿಟ್ಟು ಹೇಳಿದರು. ಕಂಪ್ಯೂಟರು ಕಂಪನಿಯದು, ಗಿರಾಕಿಗಳ ವಿಷಯ ಕಾಯಬೇಕಾದದ್ದು ನಮ್ಮೆಲ್ಲರ ಜವಾಬ್ದಾರಿ, ಅಗತ್ಯ ಬಿದ್ದರೆ ನೋಡುವುದುಂಟು. ಆದರೆ ಊಟದ ಹೊತ್ತಿನಲ್ಲಿ ನೋಡುವುದಿಲ್ಲ, ಚಿತ್ರ ತೆಗೆದಿಡುವುದಿಲ್ಲ, ಹೇಳದೆ ಬರುವುದಿಲ್ಲ. ಪಂಚಾಯ್ತಿ ಕೈ ಎತ್ತಿ, “ಕೆಮ್ಮು ಇರುತ್ತಾ ಸಾರ್?” ಎಂದು ಕೇಳಿದ. ಹಾಲೆಲ್ಲ ನಕ್ಕಿತು.

ಕೆಮ್ಮು ಎಲ್ಲರಿಗೂ ಕೇಳಿಸುವುದಿಲ್ಲ ಎಂದು ಅಣ್ಣನಿಗೆ ಈಗ ಗೊತ್ತಿತ್ತಲ್ಲ. ಅವರೇ ಕೂತು ಹೊಸದೊಂದನ್ನು ಮಾಡಿದರು. ಅವರು ಯಾರ ಕಂಪ್ಯೂಟರಿಗೆ ಬರಬೇಕಾದರೂ, ಮೊದಲು ಆ ಸ್ಕ್ರೀನಿನ ಮೂಲೆಯಲ್ಲಿ ಒಂದು ಪುಟ್ಟ ಚೌಕ ಮೂಡುತ್ತದೆ. ಅದರಲ್ಲಿ “ಬರಲಾ?” ಎಂದು ಬರೆದಿರುತ್ತದೆ. ಕೆಳಗೆ ಒಂದೇ ಗುಂಡಿ: “ಬನ್ನಿ”. ನಾವು ಅದನ್ನು ಒತ್ತುವವರೆಗೆ ಅವರು ಆಚೆಯೇ ಕಾಯುತ್ತಾರೆ. ಮೊದಲ ಚೌಕ ಮೂಡಿದ್ದು ನನ್ನ ಸ್ಕ್ರೀನಿನ ಮೇಲೆ. ಒತ್ತಿದೆ. ಬಾಣ ಒಂದು ಸುತ್ತು ಹಾಕಿತು, ಹೊರಟುಹೋಯಿತು. ಸುಮ್ಮನೆ ನೋಡಿಕೊಂಡು ಹೋಗಲು ಬಂದಿದ್ದರು, ಅಷ್ಟೆ. ಅವತ್ತು ಊಟಕ್ಕೆ ಅವರ ಡಬ್ಬಿಯನ್ನು ಪಂಚಾಯ್ತಿಯೇ ಕೋಣೆಯಿಂದ ಎತ್ತಿಕೊಂಡು ಬಂದು ನಮ್ಮ ಮೇಜಿನ ಮೇಲಿಟ್ಟ.

ನನ್ನ ಕೆಲಸ ಉಳಿಯಿತು. ಫೋನಿನ ಬದಲು ಬರವಣಿಗೆಯಲ್ಲಿ ಬರುವ ದೂರುಗಳನ್ನು ನನಗೆ ಒಪ್ಪಿಸಿದರು, ಜನ ಟೈಪ್ ಮಾಡಿ ಕಳಿಸುತ್ತಾರೆ, ನಾನು ಟೈಪ್ ಮಾಡಿ “ಎಷ್ಟು ದಿನದಿಂದ ಹೀಗಾಗಿದೆ?” ಎಂದು ಕೇಳುತ್ತೇನೆ. ಸಾಹೇಬರು ಈಗಲೂ ರಬ್ಬರ್ ಶೂವೇ ಹಾಕುತ್ತಾರೆ. ಆದರೆ ನನ್ನ ಹತ್ತಿರ ಬರುವಾಗ ಹಿಂದಿನಿಂದ ಬರುವುದಿಲ್ಲ. ಸಾಲನ್ನು ಸುತ್ತಿ ಎದುರಿಗೆ ಬಂದು ನಿಲ್ಲುತ್ತಾರೆ. ಕಿವಿಗೆ ಯಂತ್ರ ಹಾಕಿಕೊಂಡ ಮೊದಲ ದಿನ ಪ್ಲೈವುಡ್ ಗೋಡೆಯ ಆಚೆಯಿಂದ ಆ ಒಣ, ಮರ್ಯಾದಸ್ಥ ಕೆಮ್ಮು ನನಗೆ ಮತ್ತೆ ಕೇಳಿಸಿತು. ಎದ್ದು ಹೋಗಿ ಅಣ್ಣನಿಗೆ ಹೇಳಿದೆ. ಅವರು ನಾಚಿಕೊಂಡು, “ಚೆನ್ನಾಗಿ ಕೇಳಿಸ್ತಾ? ಇನ್ನೊಂದ್ಸಲ ಕೆಮ್ಮಲಾ?” ಎಂದರು.

ಈ ವಸಂತದಲ್ಲಿ ಅವರು ನಿವೃತ್ತರಾದರು. ಹಾರ, ಭಾಷಣ ಯಾವುದೂ ಬೇಡವೆಂದು ಹಟ ಹಿಡಿದಿದ್ದರು. ಅವರ ಜಾಗಕ್ಕೆ ಬಂದ ಹುಡುಗಿಗೆ ಕೋಣೆಯನ್ನೆಲ್ಲ ತೋರಿಸಿ, ಸ್ವೆಟರನ್ನೂ ಅವಳಿಗೇ ಬಿಟ್ಟುಕೊಟ್ಟು, “ಒಳಗೆ ಚಳಿ ಇರುತ್ತಮ್ಮಾ” ಎಂದರು. ಸಂಜೆ ನಾವೆಲ್ಲ ಬೀಳ್ಕೊಡಲು ಏಳಬೇಕೆನ್ನುವಷ್ಟರಲ್ಲಿ ನನ್ನ ಸ್ಕ್ರೀನಿನ ಮೂಲೆಯಲ್ಲಿ ಆ ಪುಟ್ಟ ಚೌಕ ಮೂಡಿತು. ಅಕ್ಕಪಕ್ಕ ನೋಡಿದೆ. ಎಲ್ಲರ ಸ್ಕ್ರೀನಿನ ಮೇಲೂ ಮೂಡಿತ್ತು. ಯಾವಾಗಲೂ ಇರುತ್ತಿದ್ದ “ಬರಲಾ?” ಅದರಲ್ಲಿರಲಿಲ್ಲ.

“ಹೋಗಿ ಬರಲಾ?” ಎಂದಿತ್ತು.

ಕೆಳಗೆ ಗುಂಡಿ ಒಂದೇ, ಒತ್ತಿದರೆ ಹೊರಡುತ್ತಾರೆ. ಪಂಚಾಯ್ತಿ ಮೂಗೊರೆಸಿಕೊಳ್ಳುತ್ತಿದ್ದ. ಪ್ಲೈವುಡ್ ಗೋಡೆಯ ಆಚೆ ಅಣ್ಣ ಕಾಯುತ್ತಿದ್ದರು, ನಮಗೆ ಕಣ್ಣೊರೆಸಿಕೊಳ್ಳಲು ಹೊತ್ತು ಕೊಟ್ಟು. ನಾವು ಯಾರೂ ಗುಂಡಿ ಒತ್ತಲಿಲ್ಲ.